ಮೌನೇಶ್ವರಿ ಟೀಚರ್ ಪಟ್ಟಿ ಬರೆದ ದಿನ

ಮೌನೇಶ್ವರಿ ಟೀಚರ್ ಮತ್ತು ನಾನು ಒಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ರಾಯಚೂರಿನಿಂದ ದೇವದುರ್ಗದ ಕಡೆಗೆ ಓಡಾಡಿದ್ದೇವೆ. ಗಬ್ಬೂರು ದಾಟಿದರೆ ಬರುವ ಹಳ್ಳಿಯೊಂದರ ಪ್ರೌಢಶಾಲೆ ನಮ್ಮದು. ನಾನು ಗಣಿತ, ಅವರು ಸಮಾಜ ವಿಜ್ಞಾನ. ಅವರ ಊರು ಮಾನ್ವಿ ಎಂಬುದು ಗೊತ್ತಿತ್ತು, ಜಾತಿ ಗೊತ್ತಿರಲಿಲ್ಲ. ನಾನು ಜಾತಿ ಕೇಳುವ ಮನುಷ್ಯನಲ್ಲ ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆದರೆ "ಮಾನ್ವಿಯಾಗ ನಿಮ್ಮ ಮನಿ ಯಾವ ಓಣಿಯಾಗ ಬರ್ತದ್ರೀ?" ಎಂದು ಸುತ್ತಿ ಬಳಸಿ ಮೂರು ಸಲ ಕೇಳಿದ್ದೆ. ಮೂರು ಸಲವೂ ಅವರು "ಬಸ್‌ಸ್ಟ್ಯಾಂಡ್ ಹತ್ರಾನ ಸರ್" ಎಂದಿದ್ದರು. ನಾವು ಕುರಿ ಸಾಕುವ ಮನೆತನದವರು. ಯಾರು ಕೇಳಿದರೂ ಹೇಳುತ್ತೇನೆ, ಹೇಳಿದರೆ ನನಗೇನೂ ನಷ್ಟವಿಲ್ಲ. ಅವರಿಗೆ ನಷ್ಟವಿರಬಹುದು ಎಂದು ಈ ಮೊದ್ದು ತಲೆಗೆ ಹೊಳೆದೇ ಇರಲಿಲ್ಲ.

ಅವರ ಪಾಠ ನನ್ನ ಕೋಣೆಗೆ ಕೇಳುತ್ತಿತ್ತು. ಅಸ್ಪೃಶ್ಯತೆ ಹಿಂದಿನ ಕಾಲದಲ್ಲಿತ್ತು ಎಂದು ಹುಡುಗರು ಉತ್ತರ ಬರೆದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಹಿಂದಿನ ಕಾಲ ಅಂದ್ರ ಯಾವಾಗಲೇ? ನಿನ್ನಿ ಸಂಜಿನೂ ಹಿಂದಿನ ಕಾಲನ. ನಿಮ್ಮೂರ ಕಟಿಂಗ್ ಅಂಗಡಿಯಾಗ ಯಾರನ್ನ ಕುರ್ಚಿ ಮ್ಯಾಲ ಕುಂದ್ರಸಂಗಿಲ್ಲ, ನೋಡಿ ಬರ್ಕೊಂಡ ಬರ್ರಿ."

ಹುಡುಗರು ಬರೆದು ತಂದರು. ಇಬ್ಬರ ಅಪ್ಪಂದಿರು ಜಗಳಕ್ಕೂ ಬಂದರು. ಟೀಚರ್ ಜಗ್ಗಲಿಲ್ಲ. ಇಷ್ಟೆಲ್ಲ ಪಾಠದಲ್ಲಿ 'ನಾನು' ಎಂಬ ಮಾತು ಮಾತ್ರ ಅವರ ಬಾಯಿಂದ ಒಮ್ಮೆಯೂ ಬರುತ್ತಿರಲಿಲ್ಲ.

ವಿದ್ಯಾರ್ಥಿವೇತನದ ಪಟ್ಟಿ ಮಾಡುವುದಕ್ಕೂ ಅವರದೇ ಒಂದು ರೀತಿ ಇತ್ತು. ನೋಟ್‌ಬುಕ್ ತಿದ್ದುವ ನೆಪ ಮಾಡಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಜಾತಿ ಪ್ರಮಾಣಪತ್ರದ ವಿವರ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಒಂದು ವಾರ ಹಿಡಿಯುತ್ತಿತ್ತು.

ಕಳೆದ ಆಗಸ್ಟ್‌ನಲ್ಲಿ ಹೆಡ್‌ಮಾಸ್ತರರು ರಜೆಯಲ್ಲಿದ್ದರು, ಶಾಲೆಯ ಚಾರ್ಜು ನನ್ನ ಕೈಯಲ್ಲಿತ್ತು. ಪಟ್ಟಿ ಇವತ್ತೇ ಸಂಜೆ ಐದರೊಳಗೆ ಬೇಕು ಎಂದು ತಾಲ್ಲೂಕು ಶಿಕ್ಷಣ ಕಚೇರಿಯಿಂದ ಫೋನು ಬಂತು. ಎರಡು ಸಲ ಹೇಳಿಕಳಿಸಿ, ಮೂರನೆಯ ಸಲ ನಾನೇ ಒಂಬತ್ತನೇ ತರಗತಿಯ ಬಾಗಿಲಿಗೆ ಹೋಗಿ ನಿಂತೆ.

"ಆತೇನ್ರೀ ಟೀಚರ್? ನನ್ನ ತಲಿ ತಿನ್ನಾಕತ್ತಾರ."

ಟೀಚರ್ ಗಡಿಯಾರ ನೋಡಿದರು. "ಎಸ್ಸಿ ಇರೋರು ಎದ್ದು ನಿಲ್ರಿ" ಎಂದರು.

ಹನ್ನೊಂದು ಮಂದಿ ಎದ್ದರು. ರಾಧಾ ಏಳಲಿಲ್ಲ. ಹೊಳೆದಂಡೆಯ ಗೂಗಲ್ ಎಂಬ ಹಳ್ಳಿಯ ಕಡೆಯ ಹುಡುಗಿ, ಆ ವರ್ಷವೇ ಬಂದು ಗಬ್ಬೂರಿನ ಅಜ್ಜಿಯ ಮನೆಯಲ್ಲಿದ್ದಳು. ಅವಳು ಯಾರ ಪೈಕಿ ಎಂಬುದು ದಾಖಲಾತಿ ಪುಸ್ತಕ ನೋಡಿದ್ದ ಟೀಚರಿಗೆ ಗೊತ್ತಿತ್ತು, ತರಗತಿಗೆ ತಿಳಿದಿರಲಿಲ್ಲ.

"ರಾಧಾ, ನೀನೂ ಏಳವಾ, ಹೊತ್ತಾಗ್ತದ."

ಹುಡುಗಿ ಎದ್ದು ನಿಂತಳು. ದಿನವೂ ಅವಳ ಜೊತೆ ಒಂದೇ ಡಬ್ಬಿಯಲ್ಲಿ ರೊಟ್ಟಿ ತಿನ್ನುತ್ತಿದ್ದ ಲಲಿತಾ ತನ್ನ ಡಬ್ಬಿಯನ್ನು ಮೆಲ್ಲಗೆ ಚೀಲದೊಳಗೆ ಹಾಕಿಕೊಂಡಳು. ಅದನ್ನು ನಾನು ನೋಡಿದೆ, ಟೀಚರೂ ನೋಡಿದರು. ಪಟ್ಟಿ ಐದರೊಳಗೆ ಹೋಯಿತು.

ಮರುದಿನದಿಂದ ರಾಧಾ ಬರಲಿಲ್ಲ. ಒಂದು ವಾರದ ಮೇಲೆ, ಅವಳು ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದಾಳೆ ಎಂಬ ಸುದ್ದಿ ಬಂತು. ಆ ಸಂಜೆ ಟೀಚರ್ ನನ್ನನ್ನೂ ಗಬ್ಬೂರಿನಲ್ಲಿ ಬಸ್ಸಿನಿಂದ ಇಳಿಸಿ ರಾಧಾಳ ಮನೆಗೆ ಕರೆದೊಯ್ದರು. ಅಜ್ಜಿ ಬಂಡೆಮ್ಮ ನಮ್ಮನ್ನು ಕಂಡು ಕಂಬಳಿ ಹಾಸಿದರು.

"ಸಾಲಿ ಹೆಸರು ತಗದ್ರ ಅಳ್ತಾಳ್ರೀ. ನಾ ಏನ್ ಮಾಡ್ಲಿ ಯವ್ವಾ?"

ಟೀಚರ್ ರಾಧಾಳ ಕಡೆ ತಿರುಗಿದರು. "ನಾನೂ ನಿಮ್ಮಕಿನ ಅದೀನವಾ. ಮಾನ್ವಿಯಾಗ ನನ್ನೂ ಹಿಂಗ ನಿಲ್ಲಿಸಿದ್ರು. ಗೊತ್ತಿದ್ದೂ ನಿನ್ನ ನಿಲ್ಲಿಸಿದೆ. ತಪ್ಪಾತು."

ರಾಧಾ ಬಾಗಿಲು ಬಿಟ್ಟು ಈಚೆ ಬರಲಿಲ್ಲ. "ಇದನ್ನ ಇಲ್ಲಿ ಯಾಕ ಹೇಳಾಕತ್ತೀರಿ ಟೀಚರ್? ನನ್ನ ಅಲ್ಲಿ ನಿಲ್ಲಿಸಿದ್ರಿ" ಎಂದಳು.

ಟೀಚರ್ ಕಂಬಳಿಯಿಂದ ಎದ್ದು, "ಸೋಮವಾರ ಒಂದ್ ದಿನ ಬಾ. ಆಮ್ಯಾಲ ಬ್ಯಾಡಂದ್ರ ಬ್ಯಾಡ" ಎಂದರು.

ವಾಪಸು ಬರುವಾಗ ನಾನು ಬುದ್ಧಿ ಹೇಳಲು ಹೋದೆ. "ತರಗತಿಯಾಗ ಗಿರಗತಿಯಾಗ ಹೇಳಬ್ಯಾಡ್ರಿ. ಊರಾಗ ಮಾತಾಗ್ತದ. ನಿಮ್ಮ ಮರ್ಯಾದಿ ನೋಡ್ಕೋರಿ."

"ನಿಮ್ಮ ಮನಿತನ ನೀವು ಮೈಕ್‌ನ್ಯಾಗ ಹೇಳಿದ್ರೂ ಮರ್ಯಾದಿ ಹೋಗಂಗಿಲ್ಲ ಸರ್. ನಂದು ಯಾಕ ಹೋಗಬೇಕು?"

ಆ ಮಾತಿಗೆ ನನಗೆ ನಾಚಿಕೆಯಾಗಿತ್ತು.

ಸೋಮವಾರ ರಾಧಾ ಬಂದು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಳು. ಹಾಜರಿ ಮುಗಿಸಿ ಟೀಚರ್ ಹೇಳಿದರು: "ಆವತ್ತು ಎಸ್ಸಿ ಇರೋರು ನಿಲ್ರಿ ಅಂದಿದ್ದೆ. ನಿಮ್ಮನ್ನೆಲ್ಲ ನಿಲ್ಲಿಸಿ ನಾನು ಸುಮ್ನಿದ್ದೆ. ನಾನೂ ಎಸ್ಸಿನ. ಹಂಗ ನಿಲ್ಲಿಸಿದ್ದು ನನ್ನ ತಪ್ಪು." ವರಾಂಡದಲ್ಲಿದ್ದ ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಒಳಗೆ ಯಾರೂ ನಗಲಿಲ್ಲ. ಮಂಗಳವಾರ ರಾಧಾ ಮತ್ತೆ ಬಂದಳು. ಈಗಲೂ ಬರುತ್ತಿದ್ದಾಳೆ.

ಅದೇ ಮಂಗಳವಾರ ಹನ್ನೊಂದು ಗಂಟೆಗೆ ಅಡುಗೆಯ ವೀರಭದ್ರಮ್ಮ ಶಿಕ್ಷಕರ ಕೋಣೆಗೆ ಚಹಾ ತಂದರು. ನನಗೆ ಕೊಟ್ಟರು, ಉಳಿದವರಿಗೆ ಕೊಟ್ಟರು, ಟೀಚರ ಮೇಜನ್ನು ದಾಟಿ ಹೊರಟುಹೋದರು. ಎಲ್ಲರೂ ಎದ್ದು ಹೋದ ಮೇಲೆ ನಾನು, "ಬ್ಯಾಸರಾತೇನ್ರೀ?" ಎಂದು ಕೇಳಿದೆ.

"ಒಂಬತ್ತು ವರ್ಸ ಆ ಚಾ ಕುಡಿಯೋವಾಗೆಲ್ಲ, ಇದು ಯಾವತ್ತ್ ನಿಲ್ತದೋ ಅಂತ ಅಂಜ್ಕೊಂತ ಕುಡಿದೀನಿ ಸರ್. ಇನ್ನ ಆ ಅಂಜಿಕಿ ಇಲ್ಲ."

ಹಾಗೆಂದು ಅವರು ಕಣ್ಣೊರೆಸಿಕೊಂಡರು. ನನ್ನ ಕೈ ಲೋಟದ ಮೇಲಿತ್ತು. ಅದರಲ್ಲಿದ್ದ ಚಹಾವನ್ನು ನಾನು ಆಗಲೇ ಕುಡಿದು ಮುಗಿಸಿದ್ದೆ.