ಹಿಂಬಾಗಿಲ ಎಲೆ

ಸತ್ತವರು ಬಂದು ಉಣ್ಣುತ್ತಾರೆಂಬುದನ್ನು ನಾನು ನಂಬಿದವನಲ್ಲ. ಹಿರಿಯರ ಹೆಸರಿನಲ್ಲಿ ಇಟ್ಟ ಬಂಗಡೆ ಮೀನು ಕೊನೆಗೆ ನಮ್ಮ ಹೊಟ್ಟೆಗೇ ತಾನೆ ಎಂದು ಅಮ್ಮನನ್ನು ಕೆಣಕುತ್ತಿದ್ದೆ. ಈಗಲೂ ನಂಬಿದ್ದೇನೆಂದು ಹೇಳಲಾರೆ. ಕೆಣಕುವುದನ್ನು ಮಾತ್ರ ಬಿಟ್ಟಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ತದಡಿಯಲ್ಲಿ ಒಂದು ಹಳೆಯ ಮನೆ ಕೊಂಡ. ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು. ಅಡುಗೆಮನೆಯ ಹಿಂಬಾಗಿಲು ತೆರೆದರೆ ಹೊಳೆ ಸಮುದ್ರ ಸೇರುವ ಅಳಿವೆ ಕಾಣುತ್ತಿತ್ತು. ಮಾರಿದವರೂ ನಮ್ಮಂತೆ ದೋಣಿಯವರೇ. ಅವರಿಗೂ ಅದು ಬೇರೊಬ್ಬ ದೋಣಿಯವರಿಂದ ಬಂದದ್ದು. ಮನೆ ಬಿಡುವಾಗ ತಮ್ಮ ಹಿರಿಯರನ್ನು ತೆಂಗಿನಕಾಯಿಯಲ್ಲಿ ಕರೆದೊಯ್ಯುವುದು ನಮ್ಮ ಮನೆಗಳ ಪದ್ಧತಿ. ಹೆಸರು ಹೇಳಿದಾಗ ಕಾಯಿಯ ಮೇಲಿನ ಹೂವು ಬಿದ್ದರೆ ಅವರು ಬಂದರೆಂದು ಲೆಕ್ಕ.

ಭಟ್ಕಳಕ್ಕೆ ಹೊರಟ ಆ ಮನೆಯ ಅಜ್ಜಿ ಮೆಟ್ಟಿಲಿಳಿದವಳು ತಿರುಗಿ ಬಂದು ಅಮ್ಮನಿಗೆ ಹೇಳಿದಳು: "ನಮ್ಮೋರೆಲ್ಲ ಬಂದ್ರು ತಂಗಿ. ಒಬ್ಬ ಮಾತ್ರ ಬರೂದಿಲ್ಲ. ಹಿಂಬಾಗ್ಲ ಹತ್ರ ಅವನಿಗೊಂದು ಎಲೆ ಹಾಕು." ಯಾರೆಂದು ಕೇಳಿದರೆ ಹೇಳಲಿಲ್ಲ.

ಅಮ್ಮ ಪ್ರತಿ ಮಹಾಲಯ ಅಮಾವಾಸ್ಯೆಗೆ ತಪ್ಪದೆ ಹಾಕುತ್ತಿದ್ದಳು. ಒಂದು ವರ್ಷ ಅಪ್ಪ ಅಡ್ಡ ಬಂದ.

"ಮನೆ ಈಗ ನಮ್ದು. ಅವ್ರ ಮನೆಯವನಿಗೆ ನಾವೆಂತಕ್ಕೆ ಬಡಿಸೂದು?"

"ಹಾಂಗೆಲ್ಲ ಹೇಳ್ಬೇಡಿ," ಎಂದಳು ಅಮ್ಮ. ಅಪ್ಪ ಹಟಮಾರಿ, ಕೇಳಲಿಲ್ಲ. ಅಡುಗೆಮನೆಯಲ್ಲಿ ನಮ್ಮ ಹಿರಿಯರಿಗಷ್ಟೇ ಎಡೆ ಬಡಿಸಿದೆವು. ಹಿಂಬಾಗಿಲಿಗೆ ಅಗಳಿ ಹಾಕಿ, ಅವರು ಉಣ್ಣಲೆಂದು ಒಳಬಾಗಿಲನ್ನೂ ಎಳೆದುಕೊಂಡು ಮೂವರೂ ಜಗಲಿಯಲ್ಲಿ ಕೂತೆವು. ಮಟಮಟ ಮಧ್ಯಾಹ್ನ.

ಬಾಗಿಲು ತೆರೆದಾಗ ನಮ್ಮ ಎಡೆಗಳು ಇಟ್ಟಂತೆಯೇ ಇದ್ದವು. ಅಗಳಿಯೂ ಹಾಕಿದಂತೆಯೇ ಇತ್ತು. ಆದರೆ ಹಿಂಬಾಗಿಲ ಬುಡದಲ್ಲಿ ಒಂದು ಬಾಳೆಲೆ ಇತ್ತು, ಉಂಡೆದ್ದವರು ಮಡಚುವಂತೆ ಮಡಚಿದ್ದು. ಬಿಡಿಸಿದರೆ ಮೀನಿನ ಮುಳ್ಳು, ನಾಲ್ಕು ಅಗುಳು ಅನ್ನ. ಅಪ್ಪನಿಗೆಂದು ಅಮ್ಮ ತೆಗೆದು ಮುಚ್ಚಿಟ್ಟಿದ್ದ ಪಾಲು ಖಾಲಿಯಾಗಿತ್ತು.

"ಬೆಕ್ಕು," ಎಂದ ಅಪ್ಪ.

"ಎಲೆ ಮಡಚೂ ಬೆಕ್ಕು ಎಲ್ಲಿತ್ತು?" ಎಂದಳು ಅಮ್ಮ. ಸ್ವಲ್ಪ ದಿನ ದೋಣಿಗೆ ಹೋಗಬೇಡಿ ಎಂದು ಅಪ್ಪನ ಕಾಲು ಹಿಡಿದಳು. ನನಗೂ ಹೆದರಿಕೆಯಾಗಿತ್ತು. ಆದರೆ ಬೆಕ್ಕೆಂದು ನಂಬುವುದು ಸುಲಭವಿತ್ತು.

ಆ ವಾರವೇ ಅಳಿವೆಯಲ್ಲಿ ಅಪ್ಪ ಹೋದ ದೋಣಿ ಮಗುಚಿತು. ಜೊತೆಗಿದ್ದವರೆಲ್ಲ ಈಜಿ ದಡ ಸೇರಿದರು. ಅವರಲ್ಲಿ ಅರ್ಧ ಜನಕ್ಕೆ ಈಜು ಕಲಿಸಿದ ಅಪ್ಪ ಸೇರಲಿಲ್ಲ. ಹೆಣವೂ ಸಿಗಲಿಲ್ಲ.

ಅಳಿವೆಯಲ್ಲಿ ದೋಣಿ ಮಗುಚುವುದು ಹೊಸದಲ್ಲ. ನೀರಿನ ಸೆಳೆತ, ಗಾಳಿ ಎಂದು ಕಾರಣ ಹೇಳಬಲ್ಲೆ. ಆ ಎಲೆಗೆ ಎಂತ ಕಾರಣ ಹೇಳಲಿ? ಇಷ್ಟು ವರ್ಷ ಯೋಚಿಸಿದರೂ ನನಗೆ ಗೊತ್ತಾಗಿಲ್ಲ.

ಕೆಲವು ವರ್ಷಗಳ ನಂತರ ಮನೆ ಮಾರಿ ಹೊನ್ನಾವರಕ್ಕೆ ಹೊರಟೆವು. ಅಮ್ಮ ಕಾಯಿ ಹಿಡಿದು ಹಿರಿಯರನ್ನು ಒಬ್ಬೊಬ್ಬರಾಗಿ ಕರೆದಳು. ಅಪ್ಪನ ಹೆಸರನ್ನು ಅವಳು ಎಂದೂ ಬಾಯಲ್ಲಿ ಹೇಳಿದವಳಲ್ಲ. ಅಂದು ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಹೂವು ಅಲುಗಲಿಲ್ಲ.

ಅಂಗಳ ದಾಟಿದವಳು ತಿರುಗಿ ಹೋಗಿ, ಮನೆ ಕೊಂಡವರ ಸೊಸೆಯ ಕೈ ಹಿಡಿದುಕೊಂಡಳು.

"ಹಿಂಬಾಗ್ಲ ಹತ್ರ ಎಲೆ ಹಾಕು ತಂಗಿ," ಎಂದಳು. "ಎರಡು."