ಇಲಾರಿಯೆಯ ಕುರಿದೊಗಲ ಕೋಟು

ಇಲಾರಿಯೆ ತೀರಿಕೊಂಡ ನಲವತ್ತನೆಯ ದಿನದ ಊಟ ಭಾನುವಾರಕ್ಕೆ ಬಿದ್ದಿತ್ತು. ಗೋಧಿ ಬೇಯಿಸುವುದು, ಎಲೆಕೋಸಿನ ಸುರುಳಿಗೆ ಅಕ್ಕಿ ನೆನೆಸುವುದು, ಇವು ಅವನ ಹೆಂಡತಿ ಸವೇತಾಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಟ್ಟೆ. ಸತ್ತವನ ಹೆಸರಿನಲ್ಲಿ ಒಬ್ಬ ಗಂಡಸಿಗೆ ಟೋಪಿಯಿಂದ ಬೂಟಿನವರೆಗೆ ಕೊಡಬೇಕು. ಇಲ್ಲಿ ಕೊಟ್ಟದ್ದು ಅಲ್ಲಿ, ಪರಲೋಕದಲ್ಲಿ, ಅವನ ಮೈಮೇಲೆ. ಪೆಟ್ಟಿಗೆ ತೆರೆದರೆ ಎರಡು ಅಂಗಿ, ಒಂದು ಟೋಪಿ. ಚಳಿ ಶುರುವಾಗಿದೆ, ಬೂಟಿಲ್ಲ, ಕುರಿದೊಗಲ ಕೋಟೇ ಇಲ್ಲ.

"ಯಾರಿಗೋ ಕೊಟ್ಟಿರ್ತಾರೆ ಬಿಡಮ್ಮ. ಕ್ರಯೋವಾ ಪೇಟೆಯಿಂದ ಹೊಸದು ತರೋಣ," ಎಂದಳು ಮಗಳು ಸಾಂದಾ.

"ನಿಮ್ಮಪ್ಪನ ಹೆಗಲಿಗೆ ಅಂಗಡಿ ಕೋಟು ಯಾವತ್ತಾದ್ರೂ ಹಿಡಿಸಿದ್ದುಂಟಾ?"

ಇಲಾರಿಯೆ ಪೀಪಾಯಿ ಮಾಡುವವನು. ಮದುವೆಯಾದ ಮೇಲೆ ಒಂದು ಸಂಜೆಯೂ ಹೆಂಡದಂಗಡಿಯಲ್ಲಿ ಕೂತವನಲ್ಲ. ಹೆಣ್ಣುಮಕ್ಕಳ ಜಡೆ ಅವನೇ ಹೆಣೆಯುತ್ತಿದ್ದ; ಒರಟು ಬೆರಳಿಗೆ ಕೂದಲು ಸಿಕ್ಕಿ ಅವರು ಅಳುತ್ತಿದ್ದರು, ಆದರೂ ಅಪ್ಪನೇ ಹೆಣೆಯಬೇಕು. ಸವೇತಾಳ ತಾಯಿಗೆ ಕಾಲು ಬಿದ್ದುಹೋದ ವರ್ಷ, ಈಸ್ಟರಿಗೆ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಗುಡ್ಡದ ಚರ್ಚಿಗೆ ಒಯ್ದ. ಮುದುಕಿ ದಾರಿಯುದ್ದಕ್ಕೂ ಕಿವಿ ಹಿಂಡಿ, ನಿಧಾನ ನಡಿ ಎಂದು ಬೈಯುತ್ತಿದ್ದಳು.

ಆದರೆ ಮನೆಗೆ ಬಂದ ವಸ್ತು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಏಣಿ ಒಬ್ಬರ ಮನೆ ಸೇರಿತು, ದ್ರಾಕ್ಷಿ ಹಿಂಡುವ ಯಂತ್ರ ಇನ್ನೊಬ್ಬರದು. ತಗೊಂಡವರು ಬಾಯಿ ತೆರೆದು ಒಳ್ಳೆಯ ಮಾತೊಂದು ಹೇಳುವಷ್ಟರಲ್ಲಿ ಅವನು ಬೇಲಿ ದಾಟಿರುತ್ತಿದ್ದ. ಅವನು ಕೊಟ್ಟದ್ದು ಪುಣ್ಯಕ್ಕಾಯಿತು, ನಿಜ ಎಂದರು ಊರಿನ ಹಿರಿಯ ಹೆಂಗಸರು. ಆದರೆ ಮೇಣದಬತ್ತಿ ಹಚ್ಚಿ ಸತ್ತವನ ಹೆಸರು ಹೇಳದೆ, ತಗೊಂಡವರು 'ದೇವರು ಅವನನ್ನು ಕ್ಷಮಿಸಲಿ' ಎನ್ನದೆ, ಕೋಟು ಅಲ್ಲಿಗೆ ಮುಟ್ಟುವುದಿಲ್ಲವಂತೆ. ಪಾದ್ರಿಯನ್ನು ಕೇಳಿದರೆ, ಅದು ನಿಮ್ಮ ಹೆಂಗಸರ ಲೆಕ್ಕ ಎಂದು ಗಡ್ಡ ನೀವಿಕೊಂಡರು.

ಸವೇತಾ ಮನೆಮನೆಗೆ ಹೋದಳು. ಹೋದಲ್ಲೆಲ್ಲ ಕೂರಿಸಿದರು, ಪ್ಲಮ್ ಹಣ್ಣಿನ ಸಾರಾಯಿ ಬಗ್ಗಿಸಿದರು, ಅವನಂಥವನು ಇನ್ನು ಹುಟ್ಟುವುದಿಲ್ಲ ಎಂದು ಅತ್ತರು. ತನ್ನ ಗಂಡ ಎಷ್ಟು ಒಳ್ಳೆಯವನೆಂದು ಬೇರೆಯವರ ಬಾಯಿಂದ ಕೂತಲ್ಲೇ ಕೇಳಿ ಕೇಳಿ ಅವಳ ಸೊಂಟ ನೋಯಿತು. ಕೋಟಿನ ಸುದ್ದಿ ಯಾರಲ್ಲೂ ಇಲ್ಲ. ಕೊನೆಗೆ ಗಿರಣಿಯವರ ಮನೆಯಲ್ಲಿ ಬಾಯಿಬಿಟ್ಟಳು.

"ನಿಮ್ಮ ಬಾಯಲ್ಲಿ ಅವರು ಸಂತ. ನನ್ನ ಪೆಟ್ಟಿಗೇಲಿ ಎರಡು ಅಂಗಿ."

ಗಿರಣಿಯವನ ಹೆಂಡತಿ ಕಣ್ಣೊರೆಸಿಕೊಂಡು, ಹೊಳೆಯಾಚೆ ಕುರಿ ಕಾಯುವ ಗ್ಲಿಗೋರನ ಮೈಮೇಲೆ ಅಂಥದ್ದೊಂದನ್ನು ಕಂಡೆ ಎಂದಳು.

ಗ್ಲಿಗೋರ ಅವಳನ್ನು ದೂರದಿಂದಲೇ ಕಂಡು ಕೋಟಿನ ಕೊರಳುಪಟ್ಟಿ ಹಿಡಿದುಕೊಂಡ. ತೋಳು ಉದ್ದವಾಗಿ ಮಡಚಿದ್ದ.

"ಅತ್ತಿಗೆ, ಬೇಡ ಅಂದ್ರೂ ಅಣ್ಣನೇ ಹೊದಿಸಿ ಹೋದ್ರು. ಚಳಿಗಾಲ ಒಂದು ಕಳೀಲಿ."

"ಬಿಚ್ಚು."

ಬಿಚ್ಚಿದ. ಬಯಲ ಗಾಳಿಗೆ ಮೈ ನಡುಗಿತು. ಸವೇತಾ ತಲೆವಸ್ತ್ರದ ಗಂಟಿನಿಂದ ಮೇಣದಬತ್ತಿ ತೆಗೆದಳು. ಹಚ್ಚಿದಷ್ಟೂ ಆರಿತು. ಸತ್ತ ಮೇಲೂ ಈ ಮನುಷ್ಯ ಒಂದು ಕೆಲಸ ಸಲೀಸಾಗಿ ಆಗಗೊಡುವುದಿಲ್ಲ ಎಂದು ಅವಳು ಗೊಣಗಿದಳು. ಗ್ಲಿಗೋರ ಟೋಪಿ ಅಡ್ಡ ಹಿಡಿದ ಮೇಲೆ ಹತ್ತಿತು.

"ಇಲಾರಿಯೆ ಹೆಸರಲ್ಲಿ ತಗೋ."

"ನನ್ನ ಕೋಟು ನನಗೇ ಕೊಡ್ತೀರಲ್ಲ ಅತ್ತಿಗೆ."

"ನಿನಗೆ ಮುಟ್ಟಿತ್ತು. ಅವರಿಗೆ ಮುಟ್ಟಿರಲಿಲ್ಲ. ಹೇಳು."

"ದೇವರು ಅಣ್ಣನ್ನ ಕ್ಷಮಿಸಲಿ," ಎಂದ, ಹಲ್ಲು ಕಟಕಟ ಎನ್ನುತ್ತಾ.

"ಗಟ್ಟಿಯಾಗಿ. ಅವರಿಗೆ ಕಿವಿ ಮಂದ."

ಅವನು ಕೂಗಿ ಹೇಳಿದ. ಕುರಿನಾಯಿಗಳೆಲ್ಲ ಬೊಗಳಿದವು. ಭಾನುವಾರ ಮೈ ತೊಳೆದುಕೊಂಡು ಊಟಕ್ಕೆ ಬರಬೇಕು, ಅಂಗಿ ಟೋಪಿಯೂ ಇದೆ ಎಂದು ಹೇಳಿ, ಕೋಟಿನ ಗುಂಡಿಗಳನ್ನು ಅವಳೇ ಹಾಕಿದಳು. ಆಮೇಲೆ ಬೂಟು ಯಾರ ಹತ್ತಿರ ಇದೆ ಎಂದು ಕೇಳಿದಳು.

ಚರ್ಚಿನಲ್ಲಿ ಹಾಡುವವನ ಕಾಲಲ್ಲಿ ನೋಡಿದ ನೆನಪು, ಆದರೆ ಅವನಿಗೆ ಅವು ಬಿಗಿಯಾಗಿ ತನ್ನ ಅಳಿಯನಿಗೆ ದಾಟಿಸಿದನೆಂದು ಕೇಳಿದ್ದೇನೆ ಎಂದ ಗ್ಲಿಗೋರ.

ಸವೇತಾ ಬತ್ತಿ ಆರಿಸಿ, ಉಳಿದ ತುಂಡನ್ನು ತಲೆವಸ್ತ್ರದ ತುದಿಗೆ ಕಟ್ಟಿಕೊಂಡು, ಆ ಅಳಿಯನ ಮನೆ ಯಾವ ದಾರಿ ಎಂದು ಕೇಳಿದಳು.