ಎರಡನೆಯ ಸಾಕ್ಷಿ

ಅಮೆರಿಕದ ಈ ಏಪೆಕ್ಸ್ ಊರಿನಲ್ಲಿ ನಮ್ಮ ಮುಧೋಳದ ಕಡೆಯವರು ಯಾರೇ ಊರಿಗೆ ಹೋಗಿಬರಲಿ, ಸೂಟ್‌ಕೇಸ್ ಬಿಚ್ಚುವ ಮೊದಲೇ ಗುರುಪಾದ ಅಂಕಲ್ ಬಾಗಿಲಲ್ಲಿ ಹಾಜರು. ಹೊರಗೆ ಹೋದರೆ ಮತ್ತೆ ವೀಸಾ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ತಾವು ಮಾತ್ರ ವರ್ಷಗಳಿಂದ ಅಲ್ಲಾಡಿಲ್ಲ. ಅವರ ಆರಾಧ್ಯದೈವ ಒಂಬೈನೂರು ವರ್ಷದ ಹಿಂದಿನ ಒಬ್ಬ ಅರಬ್ ಭೂಗೋಳಜ್ಞ: ಅರಸನ ಆಸ್ಥಾನದಲ್ಲಿ ಕೂತು, ಬಂದ ಪ್ರವಾಸಿಗಳನ್ನು ಬೇರೆಬೇರೆಯಾಗಿ ವಿಚಾರಿಸಿ, ತಾಳೆಯಾದ ಮಾತನ್ನಷ್ಟೇ ನಂಬಿ ಜಗತ್ತನ್ನೆಲ್ಲ ವರ್ಣಿಸಿದ ಪುಣ್ಯಾತ್ಮ. “ಕ್ರಾಸ್ ಚೆಕ್ ಮಾಡಬೇಕ್ರಿ. ಒಬ್ರು ಹೇಳಿದ್ದು ಬರೇ ಸುದ್ದಿ, ಇಬ್ರು ಹೇಳಿದ್ರಷ್ಟ ಖರೆ,” ಎನ್ನುತ್ತ ಅಂಕಲ್ ಗಂಡನನ್ನು ಸೋಫಾದ ಮೇಲೆ, ಹೆಂಡತಿಯನ್ನು ಅಡುಗೆಮನೆಯಲ್ಲಿ ಪ್ರತ್ಯೇಕ ವಿಚಾರಣೆ ಮಾಡುತ್ತಾರೆ. ಬಸ್ ಸ್ಟ್ಯಾಂಡಿನ ಬೇವಿನ ಮರ ಕಡಿದಿದ್ದಾರೆಂದು ನಾನು, ಇಲ್ಲವೆಂದು ನನ್ನ ಹೆಂಡತಿ ಹೇಳಿದೆವು. ಮೂರನೆಯವರು ಬರುವತನಕ ಆ ಮರ ಅತ್ತ ಬೀಳಲೂ ಇಲ್ಲ, ಇತ್ತ ನಿಲ್ಲಲೂ ಇಲ್ಲ. ಚಹಾ ಆರಿಹೋದ ಮೇಲೆ, ಏಳುವ ಮುಂಚೆ, ಕೊನೆಯ ಪ್ರಶ್ನೆ ಯಾವಾಗಲೂ ಒಂದೇ: “ನಮ್ಮ ಓಣಿಗೆ ಹೋಗಿದ್ರೇನ್ರಿ? ನಮ್ಮಕ್ಕ ಕಟ್ಟಿ ಮ್ಯಾಲ ಕುಂತಿದ್ಲೇನು?” ಅಕ್ಕ ಕೋವಿಡ್‌ನಲ್ಲಿ ತೀರಿಕೊಂಡಳೆಂದು ಫೋನಿನಲ್ಲಿ ತಿಳಿಸಿದವನು ಅವರ ತಮ್ಮ ಒಬ್ಬನೇ. ಆ ಓಣಿಯಲ್ಲಿ ಹಾದು, ಖಾಲಿ ಕಟ್ಟೆ ನೋಡಿಬಂದ ನಾವು ಬೇರೆಬೇರೆಯಾಗಿ ಹೇಳುವ ಈ ಮಾತು ಮಾತ್ರ ಪ್ರತಿಸಲವೂ ತಾಳೆಯಾಗುತ್ತದೆ: “ಆ ಕಡೆ ಹೋಗಾಕ ಆಗಲಿಲ್ಲರಿ, ಅಂಕಲ್.”